ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್, ಹೊಸದು ಹಾಕಿದರೂ ಅದೇ ಕತೆ

ಸಾಗರದ ಹುಡುಗ:
ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕ್, 35 ಆಂಪಿಯರ್-ಅವರ್ ಬ್ಯಾಟರಿ. ದಿನಾ ಓಡಿಸಿದರೆ ಏನೂ ತೊಂದರೆ ಇಲ್ಲ. ಮಳೆ ಜಾಸ್ತಿ ಅಂತ ಮೂರು ದಿನ ಶೆಡ್ಡಲ್ಲಿ ಬಿಟ್ಟರೆ ಮುಗೀತು, ಕೀ ತಿರುಗಿಸಿದರೆ ಬರೀ ಕಟಕಟ ಸದ್ದು. ಬ್ಯಾಟರಿಗೆ ವಯಸ್ಸಾಗಿದೆ ಅಂತ ಗ್ಯಾರೇಜಿನವರು ಹೊಸದು ಹಾಕಿಸಿದರು. ಅದೂ ಹಾಗೇ ಮಾಡುತ್ತಿದೆ. ಈಗ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಬದಲಿಸೋಣ ಅನ್ನುತ್ತಿದ್ದಾರೆ. ಹೊರಗಡೆ ಹಾಕಿಸಿದ ಸ್ಟೀರಿಯೋ ಇದೆ, ನನಗೆ ಅದರ ಮೇಲೇ ಅನುಮಾನ. ಮನೇಲಿ ಮಲ್ಟಿಮೀಟರ್ ಇದೆ. ಎಲ್ಲಿಂದ ಶುರು ಮಾಡಲಿ?

ಹತ್ತು ನಂಬರ್ ಸ್ಪ್ಯಾನರ್:
ದುಡ್ಡು ಬಿಚ್ಚೋ ಮೊದಲು ಮೀಟರ್ ಹಿಡಿಯಿರಿ. ಡಿಸಿ 20 ವೋಲ್ಟ್ ರೇಂಜಿನಲ್ಲಿಟ್ಟು ಬ್ಯಾಟರಿ ನೋಡಿ. ಚಾರ್ಜ್ ಮಾಡಿ ರಾತ್ರಿಯಿಡೀ ಬಿಟ್ಟ ಬ್ಯಾಟರಿ 12.6 ಹತ್ತಿರ ತೋರಿಸಿದರೆ ಫುಲ್. 12.2 ಅಂದರೆ ಸುಮಾರು ಅರ್ಧ. ಎಂಜಿನ್ ಸ್ಟಾರ್ಟ್ ಆದ ಮೇಲೆ 13.8ರಿಂದ 14.5ರ ನಡುವೆ ಇರಬೇಕು, ಹೆಡ್‌ಲೈಟ್ ಹಾಕಿದಾಗಲೂ. ಹಾಗೇ ಎರಡೂ ಟರ್ಮಿನಲ್ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ.

ಸಾಗರದ ಹುಡುಗ:
ಎಂಜಿನ್ ಓಡುವಾಗ 14.2, ಲೈಟ್ ಹಾಕಿದರೆ 14.0. ಟರ್ಮಿನಲ್ ಗಟ್ಟಿಯಾಗಿವೆ.

ಹತ್ತು ನಂಬರ್ ಸ್ಪ್ಯಾನರ್:
ಚಾರ್ಜಿಂಗ್ ಸರಿ ಇದೆ. ಅಂದರೆ ಗಾಡಿ ನಿಂತಾಗ ಯಾವುದೋ ಒಂದು ಕರೆಂಟ್ ಎಳೆಯುತ್ತಿದೆ. ಎಷ್ಟು ಅಂತ ಅಳೆಯೋಣ.

ಕೀ ತೆಗೆದು ಎಲ್ಲಾ ಆಫ್ ಮಾಡಿ. ಫ್ಯೂಸ್ ಬಾಕ್ಸ್ ಒಳಗಿದ್ದರೆ ಆ ಬಾಗಿಲು ತೆರೆದೇ ಇರಬೇಕಾಗುತ್ತದೆ, ಆಗ ರೂಮ್ ಲೈಟ್ ಉರಿಯುತ್ತದೆ. ಬಾಗಿಲ ಲ್ಯಾಚನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಲಾಕ್ ಮಾಡಿ, ಬಾಗಿಲ ಸ್ವಿಚ್ಚಿಗೆ ಟೇಪ್ ಸುತ್ತಿ, ಗಾಡಿಗೆ ಬಾಗಿಲು ಹಾಕಿದೆ ಅನ್ನಿಸಬೇಕು. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ. ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರಿನ ಒಂದು ಕಡ್ಡಿ ಕೇಬಲ್ಲಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ. ಪಾಸಿಟಿವ್ ಕಡೆ ಕೈ ಹಾಕಬೇಡಿ, ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಮೀಟರ್ ಹೀಗೆ ಇರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.

ಈಗ ಸುಮ್ನೆ ಅರ್ಧ ಗಂಟೆ ಕಾಯಿರಿ. ಹೆಚ್ಚಿನವರು ಎಡವೋದು ಇಲ್ಲೇ. ಗಾಡಿಯ ಕಂಪ್ಯೂಟರ್‌ಗಳು ಮಲಗೋಕೆ ಹೊತ್ತು ಬೇಕು, ಅಲ್ಲಿವರೆಗೆ ಮೀಟರ್ ಜಾಸ್ತಿಯೇ ತೋರಿಸುತ್ತದೆ. ಆಮೇಲೆ 0.05 ಆಂಪಿಯರ್ ಒಳಗೆ ಇದ್ದರೆ ಸರಿ.

ಸಾಗರದ ಹುಡುಗ:
ಮೊದಲು ಒಂದೂವರೆ ಆಂಪಿಯರ್ ಹತ್ತಿರ ಇತ್ತು, ನಿಧಾನ ಇಳಿದು 0.44ಕ್ಕೆ ನಿಂತಿತು. ಅಲ್ಲಿಂದ ಕದಲುತ್ತಿಲ್ಲ.

ಹತ್ತು ನಂಬರ್ ಸ್ಪ್ಯಾನರ್:
ಲೆಕ್ಕ ಹಾಕಿ ನೋಡಿ. 0.44 ಆಂಪಿಯರ್ 24 ಗಂಟೆ ಹರಿದರೆ ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಆಂಪಿಯರ್-ಅವರ್. 35ರ ಬ್ಯಾಟರಿ ಮೂರನೇ ದಿನಕ್ಕೆ ಖಾಲಿ. ನೀವು ಹೇಳಿದ ಕತೆಗೆ ಸರಿಯಾಗಿ ಹೊಂದುತ್ತದೆ. ಈಗ ಒಂದೊಂದೇ ಫ್ಯೂಸ್ ತೆಗೆದು ಯಾವಾಗ ಇಳಿಯುತ್ತದೆ ನೋಡಿ.

ಶೆಡ್ಡಿನ ವೈರ್‌ಮನ್:
ಅಣ್ಣಾ, ಒಂದು ಮಾತು. ಫ್ಯೂಸ್ ತೆಗೆದು ವಾಪಸ್ ಹಾಕಿದರೆ ಕೆಲವು ಗಾಡಿಗಳಲ್ಲಿ ಕಂಪ್ಯೂಟರ್ ಮತ್ತೆ ಎದ್ದು ಕೂರುತ್ತದೆ, ಮತ್ತೆ ಅರ್ಧ ಗಂಟೆ ಕಾಯಬೇಕು. ಕೇಬಲ್ ವಾಪಸ್ ಹಾಕಿ, ಗಾಡಿ ಮಲಗಿದ ಮೇಲೆ ಮೀಟರನ್ನು ಮಿಲಿವೋಲ್ಟ್‌ಗೆ ತಿರುಗಿಸಿ. ಪ್ರತಿ ಫ್ಯೂಸಿನ ತಲೆ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಇರುತ್ತವಲ್ಲ, ಅವೆರಡರ ಮೇಲೆ ಕಡ್ಡಿ ಇಡಿ. ಸೊನ್ನೆ ಬಂದರೆ ಅಲ್ಲಿ ಕರೆಂಟ್ ಹರಿಯುತ್ತಿಲ್ಲ. ಏನಾದರೂ ಅಂಕಿ ಬಂದರೆ ಆ ಲೈನಲ್ಲಿ ಹರಿಯುತ್ತಿದೆ. ಯಾವ ಫ್ಯೂಸಲ್ಲೂ ಸಿಗದಿದ್ದರೆ ಆಲ್ಟರ್ನೇಟರಿನ ದಪ್ಪ ವೈರ್ ಕಡೆ ಹೋಗಿ. ಚಾರ್ಜಿಂಗ್ ಚೆನ್ನಾಗಿದ್ದರೂ, ಕರೆಂಟ್ ವಾಪಸ್ ಹರಿಯದಂತೆ ತಡೆಯೋ ಒಳಗಿನ ಡಯೋಡ್ ಸೋರುವುದುಂಟು. ಬಾನೆಟ್ ಒಳಗೆ ಇಲಿ ವೈರ್ ಕಡಿದಿದೆಯಾ ಅಂತಲೂ ಒಮ್ಮೆ ಟಾರ್ಚ್ ಬಿಟ್ಟು ನೋಡಿ, ಮಳೆಗಾಲ ಬೇರೆ.

ಸಾಗರದ ಹುಡುಗ:
ಇಲಿ ಕಡಿದಿಲ್ಲ. ಮಿಲಿವೋಲ್ಟ್ ಬಂದಿದ್ದು ಒಂದೇ ಫ್ಯೂಸಲ್ಲಿ. ಮುಚ್ಚಳದ ಮೇಲೆ ನೋಡಿದರೆ ರೂಮ್ ಲೈಟ್, ಡಿಕ್ಕಿ ಲೈಟ್, ಸ್ಟೀರಿಯೋ ಮೆಮೊರಿ ಮೂರೂ ಅದರಲ್ಲೇ. ಸಿಕ್ಕಿಬಿತ್ತು ಕಳ್ಳ ಅಂತ ಸ್ಟೀರಿಯೋ ಸಾಕೆಟ್ ಕಿತ್ತು, ಮತ್ತೆ ಆಂಪಿಯರ್ ಅಳೆದೆ. 0.43! ಏನೂ ಬದಲಾಗಲಿಲ್ಲ.

ಹತ್ತು ನಂಬರ್ ಸ್ಪ್ಯಾನರ್:
ಡಿಕ್ಕಿ ಬಲ್ಬು ಎಷ್ಟು ವ್ಯಾಟ್? 5 ವ್ಯಾಟ್ ಆದರೆ 12ರಿಂದ ಭಾಗಿಸಿ: 0.42. ಡಿಕ್ಕಿ ತೆರೆದು ನೋಡಿದರೆ ಗೊತ್ತಾಗಲ್ಲ, ತೆರೆದಾಗ ಉರಿಯಲೇಬೇಕು. ಫೋನಲ್ಲಿ ವಿಡಿಯೋ ಆನ್ ಮಾಡಿ ಬಲ್ಬಿಗೆ ಮುಖ ಮಾಡಿ ಒಳಗಿಟ್ಟು ಡಿಕ್ಕಿ ಹಾಕಿ. ಕಾರಿನ ಕೀ ಮಾತ್ರ ಒಳಗೆ ಬಿಡಬೇಡಿ ಮಾರಾಯ್ರೆ.

ಸಾಗರದ ಹುಡುಗ:
ಉರಿಯುತ್ತಲೇ ಇದೆ! ಮುಚ್ಚುವಾಗ ಸ್ವಿಚ್ಚನ್ನು ಒತ್ತಬೇಕಾದ ಪುಟ್ಟ ರಬ್ಬರ್ ಉದುರಿಹೋಗಿದೆ. ಅದು ಇದ್ದ ಜಾಗದಲ್ಲಿ ಅಂಟಿನ ಕಲೆ ಮಾತ್ರ ಇದೆ. ಸದ್ಯಕ್ಕೆ ಬಲ್ಬ್ ಕಿತ್ತು, ಸ್ಟೀರಿಯೋ ವಾಪಸ್ ಹಾಕಿ ಅಳೆದೆ, 0.02. ಹೊಸ ರಬ್ಬರ್ ನಾಳೆ ತರುತ್ತೇನೆ. ಬ್ಯಾಟರಿ ಇಷ್ಟು ಸಲ ಪೂರ್ತಿ ಇಳಿದಿದೆಯಲ್ಲ, ಹಾಳಾಗಿರುತ್ತಾ?

ಶೆಡ್ಡಿನ ವೈರ್‌ಮನ್:
ಸ್ವಲ್ಪ ಆಯಸ್ಸು ಹೋಗಿರುತ್ತದೆ. ಪೇಟೆಗೆ ಹೋಗಿ ಬಂದರೆ ಅದು ತುಂಬಲ್ಲ. ಚಾರ್ಜರಿನಲ್ಲಿ 3.5 ಆಂಪಿಯರಿಗಿಂತ ಮೇಲೆ ಹೋಗದೆ ನಿಧಾನ ತುಂಬಿಸಿ, ಗಾಳಿಯಾಡೋ ಜಾಗದಲ್ಲಿ. ಒಂದು ರಾತ್ರಿ ಬಿಟ್ಟು ವೋಲ್ಟ್ ನೋಡಿ. 12.4 ಕೂಡ ನಿಲ್ಲದಿದ್ದರೆ ವಾರಂಟಿ ಕಾರ್ಡ್ ಹುಡುಕಿ ಇಟ್ಟುಕೊಳ್ಳಿ.