ಇಡೀ ಗೋವೆ 451 ವರ್ಷ ಪೋರ್ಚುಗೀಸರ ಕೈಯಲ್ಲಿತ್ತೇ?

ಪ್ರಶ್ನೆ (ವಾಸ್ಕೋದಿಂದ):
ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಹಿರಿಯರೊಬ್ಬರು, ಇಡೀ ಗೋವೆ 1510ರಿಂದ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತೆಂದೂ ಅದಕ್ಕೆ ಮೊದಲು ಇಲ್ಲಿ ಹೇಳಿಕೊಳ್ಳುವಂಥ ರಾಜ್ಯವೇ ಇರಲಿಲ್ಲವೆಂದೂ ಭಾಷಣ ಮಾಡಿದರು. ಆಮೇಲೆ ನಾನು ಕದಂಬರ ಮಾತೆತ್ತಿದಾಗ, “ನಲವತ್ತು ವರ್ಷದಿಂದ ಇಲ್ಲಿದ್ದೇನೆ, ನನಗೆ ಗೋವೆಯ ಪಾಠ ಬೇಡ” ಎಂದು ಎದ್ದು ಹೋದರು. ಅವರ ಬಗ್ಗೆ ನನಗೆ ಗೌರವವಿದೆ, ಆದರೆ ಆ ಭಾಷಣವನ್ನು ಮಕ್ಕಳೂ ಕೇಳಿದ್ದಾರೆ. ಅವರನ್ನು ನೋಯಿಸದೆ ಇದನ್ನು ತಿದ್ದುವುದು ಹೇಗೆ?

ಉತ್ತರ (ಫೋಂಡಾದಿಂದ):
ನಾನಿರುವ ಊರೇ ಇದಕ್ಕೆ ಸಾಕ್ಷಿ. 1510ರಲ್ಲಿ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಬಿಜಾಪುರದ ಆದಿಲಶಾಹಿಯಿಂದ ಗೆದ್ದದ್ದು ಮುಖ್ಯವಾಗಿ ತಿಸ್ವಾಡಿ ದ್ವೀಪವನ್ನು; ಅದರ ಉತ್ತರಕ್ಕಿರುವ ಬಾರ್ದೇಸ್ ಮತ್ತು ದಕ್ಷಿಣಕ್ಕಿರುವ ಸಾಷ್ಟಿ ಸೀಮೆಗಳು ಪೋರ್ಚುಗೀಸರಿಗೆ ಖಾಯಂ ಆಗಿ ದಕ್ಕಿದ್ದು 1543ರಲ್ಲಿ. ಅಲ್ಲಿ ದೇವಾಲಯಗಳು ಉಳಿಯುವುದಿಲ್ಲವೆಂದು ತಿಳಿದ ಜನ 1560ರಲ್ಲಿ ಮಂಗೇಶನ ಲಿಂಗವನ್ನು ಸಾಷ್ಟಿಯ ಕುಶಸ್ಥಳಿಯಿಂದ ಜುವಾರಿ ನದಿ ದಾಟಿಸಿ ನಮ್ಮ ಪ್ರಿಯೋಳಕ್ಕೆ ತಂದರು; ಕೆಳಶಿಯ ಶಾಂತಾದುರ್ಗೆಯೂ ಕವಳೆಗೆ ಬಂದಳು. ಇಡೀ ಗೋವೆ ಪೋರ್ಚುಗೀಸರದ್ದಾಗಿದ್ದರೆ ನದಿ ದಾಟಿ ಏನು ಪ್ರಯೋಜನವಿತ್ತು? ಹೈದರಾಲಿಯ ದಾಳಿಗೆ ಸಿಕ್ಕ ಸೋದೆಯ ಅರಸರು ಗೋವೆಯಲ್ಲಿ ಆಶ್ರಯ ಪಡೆದಾಗ, ಅಂದರೆ 1763ರ ಸುಮಾರಿಗೆ, ಫೋಂಡಾ ಪೋರ್ಚುಗೀಸರ ವಶವಾಯಿತು. ಗೋವೆಯ ಉತ್ತರ ತುದಿಯ ಪೆಡ್ನೆ ಸೇರಿದ್ದು 1788ರಲ್ಲಿ. ಹಾಗಾಗಿ ನಮ್ಮ ಊರು ಅವರ ಕೈಯಲ್ಲಿದ್ದದ್ದು ಇನ್ನೂರು ವರ್ಷಕ್ಕೂ ತುಸು ಕಡಿಮೆ. ಹಿರಿಯರನ್ನು ಮಂಗೇಶಿಗೆ ಕರೆತನ್ನಿ, ದೇವರು ಇಲ್ಲಿಗೇಕೆ ಬಂದನೆಂದು ಅವರನ್ನೇ ಕೇಳಿ.

ಉತ್ತರ (ಪುಣೆಯಿಂದ):
ಮೇಲಿನವರ ಲೆಕ್ಕ ಸರಿ, ಆದರೆ ಅದನ್ನೇ ಮೊದಲು ಮುಂದಿಡಬೇಡಿ. ಗೋವೆಯಿಂದ ದೇವರ ಸಮೇತ ಕರಾವಳಿಗೆ ಬಂದ ಮನೆತನಗಳಲ್ಲಿ ನಮ್ಮದೂ ಒಂದು. “ಇಡೀ ಗೋವೆಯಲ್ಲ” ಎಂದು ಯಾರಾದರೂ ಹೇಳಿದರೆ, ನಮ್ಮ ಹಿರಿಯರು ಪಟ್ಟ ಪಾಡನ್ನೇ ಅಲ್ಲಗಳೆದಂತೆ ನನ್ನ ತಂದೆಯವರಿಗೆ ಕೇಳಿಸುತ್ತಿತ್ತು. ಅವರು ಕಾಪಾಡಿಕೊಳ್ಳುತ್ತಿದ್ದದ್ದು ಇಸವಿಯನ್ನಲ್ಲ, ಆ ನೆನಪನ್ನು. ಸಾಷ್ಟಿಗೆ ನಾಲ್ಕು ಶತಮಾನಗಳ ಮಾತು ನಿಜವೆಂದು ಮೊದಲು ಒಪ್ಪಿಕೊಂಡು, ಫೋಂಡಾದ ವಿಷಯವನ್ನು ಆಮೇಲೆ ಹೇಳಿದಾಗ ಅವರು ಕಿವಿಗೊಟ್ಟರು.

ಉತ್ತರ (ಮುಂಬಯಿಯಿಂದ):
ಕದಂಬರ ವಿಷಯದಲ್ಲಿ ನಾವು ಕನ್ನಡಿಗರೂ ಎಚ್ಚರದಿಂದಿರಬೇಕು. ಬನವಾಸಿಯ ಮಯೂರಶರ್ಮ 4ನೆಯ ಶತಮಾನದವನು. ಚಂದ್ರಪುರದಿಂದಲೂ, ಅಂದರೆ ಇಂದಿನ ಚಾಂದೋರಿನಿಂದಲೂ, ಬಳಿಕ ಗೋಪಕಪಟ್ಟಣದಿಂದಲೂ ಆಳಿದ ಗೋವೆಯ ಕದಂಬರು ಅವನಿಗಿಂತ ಎಷ್ಟೋ ಶತಮಾನ ಈಚಿನವರು, ಕಲ್ಯಾಣದ ಚಾಲುಕ್ಯರ ಸಾಮಂತರು. ಇಬ್ಬರನ್ನೂ ಒಂದೇ ಮಾಡಿ ಹೆಮ್ಮೆಪಡುವವರನ್ನು ನಮ್ಮ ಸಂಘಗಳಲ್ಲೇ ನೋಡಿದ್ದೇನೆ, ತಿದ್ದಹೋದರೆ ಅವರೂ ಸಿಟ್ಟಾಗುತ್ತಾರೆ. ಗೋವೆಯ ಕದಂಬರ ಶಾಸನಗಳು ಕನ್ನಡದಲ್ಲೂ ಇವೆ, ಸಂಸ್ಕೃತದಲ್ಲೂ ಇವೆ; ಎರಡನ್ನೂ ಹೇಳಬೇಕು. ಮಕ್ಕಳನ್ನು ಕದಂಬರ ಕಾಲದ ತಾಂಬಡಿ ಸುರ್ಲಾದ ಮಹಾದೇವ ದೇವಾಲಯಕ್ಕೆ ಕರೆದೊಯ್ಯಿರಿ. ಸಾಧ್ಯವಾದರೆ ಘಟ್ಟ ಹತ್ತಿ, ಗೋವೆಯ ಕದಂಬ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಬೆಳಗಾವಿ ಸೀಮೆಯ ದೇಗಾವಿಯಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿಯನ್ನೂ ತೋರಿಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಬರುವ ಭಾನುವಾರ ಮಂಗೇಶಿಗೆ ಬರುವುದಾಗಿ ಹಿರಿಯರು ಒಪ್ಪಿದ್ದಾರೆ, ಮೊಮ್ಮಗಳನ್ನೂ ಕರೆತರುತ್ತಾರಂತೆ.