‘ಪರ್ಮನೆನ್ಸ್’ ಅಂದರೆ ಶಾಶ್ವತತೆಯೇ?

ಅನುವಾದ ಮಾಡುವಾಗ ಇಂಗ್ಲಿಷಿನ ‘ಪರ್ಮನೆನ್ಸ್’ ಕಂಡ ಕೂಡಲೇ ನಾವು ‘ಶಾಶ್ವತತೆ’ ಅಂತ ಬರೆದುಬಿಡುತ್ತೇವೆ. ಇಲ್ಲವೇ ‘ಸ್ಥಿರತೆ’. ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ.

ಪದದ ಬೇರು ಲ್ಯಾಟಿನ್. ‘ಮನೇರೆ’ ಅಂದರೆ ಉಳಿ, ತಂಗು. ‘ಪೆರ್’ ಅಂದರೆ ಉದ್ದಕ್ಕೂ. ಎರಡೂ ಸೇರಿದರೆ ‘ಕಡೆತನಕ ಉಳಿ’. ‘ರಿಮೇನ್’, ‘ಮ್ಯಾನ್ಷನ್’ ಕೂಡ ಇದೇ ಬೇರಿನವು. ಮ್ಯಾನ್ಷನ್ ಮೊದಲಿಗೆ ಬರೀ ತಂಗುವ ಜಾಗ, ಬಂಗಲೆಯ ಠೀವಿ ಆಮೇಲೆ ಬಂದದ್ದು. ಬೇರಿನಲ್ಲಿರುವುದು ಉಳಿಯುವ ಮಾತು, ಅನಂತಕಾಲದ ಮಾತಲ್ಲ.

‘ಶಾಶ್ವತ’ ಹಾಗಲ್ಲ. ಅದು ಸಂಸ್ಕೃತದ ‘ಶಶ್ವತ್’ನಿಂದ ಬಂದದ್ದು, ಎಂದೆಂದಿಗೂ ಅನ್ನುವ ಭಾರ ಅದಕ್ಕಿದೆ. ‘ಸ್ಥಿರ’ ಅಂದರೆ ಅಲುಗದ್ದು. ರೋಗಿಯ ಸ್ಥಿತಿ ಎರಡು ದಿನ ಸ್ಥಿರವಾಗಿದ್ದು ಮೂರನೇ ದಿನ ಹದಗೆಡಬಹುದು, ಅಲ್ವಾ?

ಮಾತಿನಲ್ಲಿ ‘ಪರ್ಮನೆನ್ಸ್’ಗೆ ಜಾಸ್ತಿ ಹತ್ತಿರ ಇರುವುದು ‘ಖಾಯಂ’. ಅರಬ್ಬಿಯಲ್ಲಿ ‘ಕಾಯಿಮ್’ ಅಂದರೆ ನಿಂತಿರುವ. ಅಲ್ಲಿನ ಮೊದಲ ಅಕ್ಷರ ಗಂಟಲಾಳದ ಕಕಾರ, ಮಹಾಪ್ರಾಣವಲ್ಲ. ಹಾಗಾಗಿ ‘ಕಾಯಂ’ ಅಂತ ಬರೆಯುವವರನ್ನು ಸುಮ್ನೆ ತಿದ್ದಬೇಡಿ. ಖಾಯಂ ಕೆಲಸಕ್ಕೂ ನಿವೃತ್ತಿ ಇದೆ, ಖಾಯಂ ವಿಳಾಸವೂ ಬದಲಾಗುತ್ತದೆ. ಅದನ್ನೇ ‘ಶಾಶ್ವತ ವಿಳಾಸ’ ಅಂದರೆ ಸ್ಮಶಾನ ನೆನಪಾಗುತ್ತದೆ! ಆದರೆ ‘ಖಾಯಂ ಸತ್ಯ’ ಅಂತ ಯಾರೂ ಹೇಳುವುದಿಲ್ಲ. ಇದರ ನಾಮಪದ ‘ಖಾಯಮಾತಿ’ ನೌಕರಿಯ ಮಾತಿಗೇ ಅಂಟಿಕೊಂಡಿದೆ.

ನನಗೆ ತೊಡಕಾಗಿರುವುದು ಮನಶ್ಶಾಸ್ತ್ರದ ‘ಆಬ್ಜೆಕ್ಟ್ ಪರ್ಮನೆನ್ಸ್’. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳನ್ನು ಗಮನಿಸಿ ವಿವರಿಸಿದ್ದು. ಆಟಿಕೆಯ ಮೇಲೆ ಬಟ್ಟೆ ಮುಚ್ಚಿದರೂ ಅದು ಅಲ್ಲೇ ಇದೆ ಅಂತ ಮಗುವಿಗೆ ತಿಳಿಯುವುದು. ಇದನ್ನು ‘ವಸ್ತು ಶಾಶ್ವತತೆ’ ಅಂದರೆ ಆಟಿಕೆ ಎಂದೂ ಒಡೆಯುವುದಿಲ್ಲ ಅಂದಂತಾಗುತ್ತದೆ. ‘ಉಳಿವು’ ಅಂದರೆ ಅಳಿವು-ಉಳಿವಿನ ಹೋರಾಟ ಕಣ್ಮುಂದೆ ಬರುತ್ತದೆ. ‘ಉಳಿಕೆ’ ಲೆಕ್ಕದ ಬಾಕಿಯಾಯಿತು. ‘ಬಾಳಿಕೆ’ ಗಟ್ಟಿತನದ ಕಡೆಗೆ ಎಳೆಯುತ್ತದೆ. ಸದ್ಯಕ್ಕೆ ‘ವಸ್ತುವಿನ ಇರವಿನ ಅರಿವು’ ಅಂತ ಇಟ್ಟುಕೊಂಡಿದ್ದೇನೆ. ಅರ್ಥ ಕೂರುತ್ತದೆ, ಆದರೆ ಪಾರಿಭಾಷಿಕ ಪದಕ್ಕೆ ಉದ್ದವಾಯಿತು. ಮಕ್ಕಳ ಮನಶ್ಶಾಸ್ತ್ರವನ್ನು ಕನ್ನಡದಲ್ಲಿ ಪಾಠ ಮಾಡುವವರು ತರಗತಿಯಲ್ಲಿ ಇದಕ್ಕೆ ಏನು ಹೇಳುತ್ತೀರಿ?