ಸಹಾಯ ಬೇಕು: ಜೆಲ್ ಒಳಗೆ ಹೋದ ಕೂಡಲೇ ಕಾಂತೀಯ ಕಣಗಳು ತಣ್ಣಗಾಗ್ತಿವೆ

ಎಲ್ಲರಿಗೂ ನಮಸ್ಕಾರ. ಕ್ಯಾನ್ಸರ್ ಗೆಡ್ಡೆಯೊಳಗೆ ಕಾಂತೀಯ ಕಣ ಸೇರಿಸಿ, ಹೊರಗಿನ ಕಾಯಿಲ್‌ನಿಂದ ಪರ್ಯಾಯ (ದಿಕ್ಕು ಪದೇ ಪದೇ ಬದಲಾಗುವ) ಕಾಂತಕ್ಷೇತ್ರ ಕೊಟ್ಟು ಬಿಸಿ ಮಾಡುವ ಚಿಕಿತ್ಸೆಯ ಮೇಲೆ ಪ್ರಾಜೆಕ್ಟ್ ಮಾಡ್ತಿದ್ದೀನಿ. 1957ರಲ್ಲೇ ಗಿಲ್‌ಕ್ರಿಸ್ಟ್ ಮತ್ತು ಸಂಗಡಿಗರು ಇದನ್ನು ಪ್ರಯತ್ನಿಸಿದ್ದರು. ಗೆಡ್ಡೆಯನ್ನು 42ರಿಂದ 46 ಡಿಗ್ರಿ ಸೆಲ್ಸಿಯಸ್‌ಗೆ ತರಬೇಕು, ಸುತ್ತಲಿನ ಅಂಗಾಂಶ ಬೇಯಬಾರದು.

ನನ್ನ ಹತ್ತಿರ ಇರೋದು ಮ್ಯಾಗ್ನೆಟೈಟ್ (ಒಂದು ಬಗೆಯ ಕಬ್ಬಿಣದ ಆಕ್ಸೈಡ್) ಕಣಗಳು. ನೀರಿನಲ್ಲಿ ಕಲಸಿದಾಗ ಚೆನ್ನಾಗಿ ಕಾಯುತ್ತವೆ. ಅಂಗಾಂಶದ ಬದಲಿಗೆ ಅಗರ್ ಜೆಲ್‌ನಲ್ಲಿ ಹಾಕಿದರೆ, ಅದೇ ಕಾಯಿಲ್, ಅದೇ ಕರೆಂಟು, ಆದರೂ ತಾಪ ಏರೋದು ಅರ್ಧಕ್ಕಿಂತ ಕಮ್ಮಿ. ಕಣ ತಾನೇ ತಿರುಗಿ ಶಾಖ ಕೊಡುವುದು ಬ್ರೌನ್ ಬಗೆ, ಕಣ ಅಲುಗದೆ ಒಳಗಿನ ಕಾಂತತ್ವವಷ್ಟೇ ದಿಕ್ಕು ಬದಲಿಸುವುದು ನೀಲ್ ಬಗೆ ಅಂತ ಓದಿದ್ದೀನಿ. ಜೆಲ್‌ನಲ್ಲಿ ಕಣಗಳು ಸಿಕ್ಕಿಹಾಕಿಕೊಂಡು ಬ್ರೌನ್ ಬಗೆ ನಿಂತುಹೋಯಿತೇ? ಅಥವಾ ಬಿಸಿ ಅಗರ್‌ಗೆ ಸುರಿಯುವಾಗ ಗಂಟು ಕಟ್ಟಿದವೇ? ಟ್ಯೂಬನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ಕಂದು ಚುಕ್ಕಿಗಳು ಕಾಣ್ತವೆ, ಅದಕ್ಕೇ ಎರಡನೆಯದರ ಮೇಲೇ ಅನುಮಾನ. ಇವೆರಡನ್ನೂ ಬೇರ್ಪಡಿಸಿ ನೋಡೋದು ಹೇಗೆ? ಗ್ಲಿಸರಾಲ್ ಸೇರಿಸಿ ದ್ರವವನ್ನು ಹಂತಹಂತವಾಗಿ ಮಂದ ಮಾಡಿ ಅಳೆದರೆ ಸಾಕೇ?

ಇನ್ನೊಂದು ಮಾತು. ಮೊದಲು ತಾಪ ಅಳೆಯುವ ಲೋಹದ ತಂತಿ, ಅಂದರೆ ಥರ್ಮೋಕಪಲ್ ಇಟ್ಟು ಬರೀ ನೀರು ಅಳೆದೆ, ಅದೂ ಬಿಸಿ ತೋರಿಸಿತು! ಕ್ಷೇತ್ರದಲ್ಲಿ ಲೋಹವೇ ಕಾಯುತ್ತೆ ಅಂತ ಆಮೇಲೆ ಹೊಳೆಯಿತು. ಈಗ ಆಪ್ಟಿಕಲ್ ಫೈಬರ್ ಪ್ರೋಬ್ ಬಳಸ್ತಿದ್ದೀನಿ. ಆದರೆ ಕಾಯಿಲ್‌ನ ಬಿಸಿ ಟ್ಯೂಬಿಗೂ ತಾಗುತ್ತೆ. ಕಣ ಹಾಕದ ಬರೀ ಜೆಲ್‌ನ ರೀಡಿಂಗ್ ಕಳೆದರೆ ಸರಿಹೋಗುತ್ತಾ, ಇಲ್ಲ ಮೊದಲ ಕೆಲವು ಸೆಕೆಂಡಿನ ಏರಿಕೆ ಮಾತ್ರ ತಗೊಳ್ಳಲಾ? ಈ ಕೆಲಸ ಕೈಯಾರೆ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.